ಚರಕಾಂತಿ ನಕ್ಷತ್ರ ಯಾವ ಬಗೆಯದು? ರೋಹಿತದಿಂದ ಖಚಿತಪಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಏಳೂವರೆ ಗಂಟೆಗೊಮ್ಮೆ ಮಂಕಾಗಿ ಮತ್ತೆ ಬೆಳಗುವ ನಕ್ಷತ್ರವೊಂದಿದೆ ಎಂದುಕೊಳ್ಳಿ. ಏರಿಳಿತ ಅರ್ಧ ಕಾಂತಿಮಾನದಷ್ಟು (ಇದು ಕಾಂತಿಯ ಅಳತೆ, ಸಂಖ್ಯೆ ಕಿರಿದಾದಷ್ಟೂ ನಕ್ಷತ್ರ ಪ್ರಕಾಶಮಾನ). ಕಾಲದೊಂದಿಗೆ ಕಾಂತಿ ಬದಲಾಗುವುದನ್ನು ತೋರುವ ಕಾಂತಿನಕ್ಷೆ ನಯವಾದ ಅಲೆ. ಇದು ಆರ್‌ಆರ್ ಲೈರೆ ಕುಟುಂಬಕ್ಕೆ ಸೇರಿದ, ತಾನೇ ಉಬ್ಬಿ ಕುಗ್ಗುವ ಒಂಟಿ ನಕ್ಷತ್ರವಾಗಿರಬಹುದು. ಮೈಗೆ ಮೈ ತಗುಲಿಸಿಕೊಂಡು ಹದಿನೈದು ಗಂಟೆಗೊಂದು ಸುತ್ತು ಹಾಕುವ, ಪ್ರತಿ ಸುತ್ತಿನಲ್ಲೂ ಎರಡು ಸಲ ಒಂದನ್ನೊಂದು ಮರೆಮಾಡುವ ಜೋಡಿಯೂ ಆಗಿರಬಹುದು. ನಕ್ಷೆಯನ್ನು ಎಷ್ಟು ದಿಟ್ಟಿಸಿದರೂ ಕೆಲವೊಮ್ಮೆ ಉತ್ತರ ಸಿಗುವುದಿಲ್ಲ. ಎರಡರ ಬೆಳಕೂ ಒಂದೇ ರೀತಿ ಏರಿಳಿಯುತ್ತದೆ, ಕಾರಣ ಮಾತ್ರ ಬೇರೆ. ಆ ಕಾರಣ ಕಾಣಬೇಕಾದರೆ ಬೆಳಕನ್ನು ಬಿಡಿಸಿ ಅದರ ರೋಹಿತವನ್ನು, ಅಂದರೆ ಬಣ್ಣಗಳ ಪಟ್ಟಿಯನ್ನೂ ಅದರಲ್ಲಿನ ರೇಖೆಗಳನ್ನೂ, ಓದಬೇಕು.

ಇಂಥ ಸಂದೇಹಗಳು ಈಗ ರಾಶಿ ಬಿದ್ದಿವೆ. ನಕ್ಷತ್ರಗಳ ಸ್ಥಾನ, ದೂರಗಳನ್ನು ಅಳೆದ ಗಾಯಾ ಉಪಗ್ರಹದ ತಂಡ 2022ರ ಜೂನ್ 13ರಂದು ಹೊರತಂದ ಮೂರನೆಯ ದತ್ತಾಂಶ ಸಂಗ್ರಹ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಚರಕಾಂತಿ ಆಕಾಶಕಾಯಗಳಿವೆ. ಅವುಗಳ ಬಗೆಯನ್ನು ವಿಂಗಡಿಸಿರುವುದು ಬಹುಮಟ್ಟಿಗೆ ಕಂಪ್ಯೂಟರ್ ಕ್ರಮವಿಧಿಗಳು. ಕ್ರಮವಿಧಿಯ ಊಹೆಯನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸದಲ್ಲಿ ಹವ್ಯಾಸಿ ವೀಕ್ಷಕರಿಗೆ ನಿಜವಾದ ಪಾಲಿದೆ. ಆದರೆ ಒಂದು ಷರತ್ತು. ದೂರದರ್ಶಕವನ್ನು ತಿರುಗಿಸುವ ಮೊದಲೇ ಪ್ರಶ್ನೆ ಸ್ಪಷ್ಟವಾಗಿರಬೇಕು: ಯಾವ ಬಗೆಗಳ ನಡುವೆ ಸಂದೇಹ, ಯಾವ ರೇಖೆ ಅದನ್ನು ಬಿಡಿಸುತ್ತದೆ, ಆ ರೇಖೆ ಕಾಣಿಸುವುದು ಯಾವಾಗ? ಇದನ್ನು ಯೋಚಿಸದೆ ತೆಗೆದ ರೋಹಿತ ಎಷ್ಟೇ ಅಂದವಾಗಿದ್ದರೂ ಉತ್ತರ ಕೊಡುವುದು ಅಪರೂಪ.

ಹಂತ 1: ಸಂದೇಹವನ್ನು ಒಂದು ವಾಕ್ಯದಲ್ಲಿ ಬರೆದಿಡಿ

ಮೊದಲು ಅಮೆರಿಕದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘವು ನಡೆಸುವ ಅಂತರರಾಷ್ಟ್ರೀಯ ಸೂಚಿಯಲ್ಲಿ, ಅಂದರೆ ವಿಎಸ್‌ಎಕ್ಸ್‌ನಲ್ಲಿ, ನಿಮ್ಮ ನಕ್ಷತ್ರವನ್ನು ಹುಡುಕಿ. ಅಲ್ಲಿ ಬಗೆಯ ಹೆಸರಿನ ಪಕ್ಕದಲ್ಲಿ ಬರುವ ಚಿಹ್ನೆಗಳಿಗೆ ಅರ್ಥವಿದೆ. ಅಪೂರ್ಣ ವಿರಾಮದ ಎರಡು ಚುಕ್ಕೆ ಇದ್ದರೆ ಆ ವರ್ಗೀಕರಣ ಖಚಿತವಲ್ಲ. ಎರಡು ಬಗೆಗಳ ನಡುವೆ ನೆಟ್ಟಗಿನ ಗೆರೆ ಇದ್ದರೆ ‘ಇದು ಅಥವಾ ಅದು’ ಎಂದರ್ಥ. ಕೂಡು ಚಿಹ್ನೆ ಇದ್ದರೆ ಎರಡೂ ಒಟ್ಟಿಗೆ ಇವೆ ಎಂದರ್ಥ. ರೋಹಿತಕ್ಕೆ ಅತ್ಯಂತ ಯೋಗ್ಯವಾದ ಗುರಿಗಳು ಮೊದಲ ಎರಡು ಚಿಹ್ನೆಗಳಿರುವ ನಕ್ಷತ್ರಗಳೇ.

ಬಳಿಕ ಅವಧಿ, ಏರಿಳಿತದ ಪ್ರಮಾಣ, ಬಣ್ಣ, ಗಾಯಾ ಕೊಟ್ಟಿರುವ ದೂರ, ಈ ನಾಲ್ಕನ್ನು ಮುಂದಿಟ್ಟುಕೊಂಡು ಸಂದೇಹದ ಪಟ್ಟಿಯನ್ನು ಕಿರಿದು ಮಾಡಿ. ದೂರ ಗೊತ್ತಾದರೆ ನೈಜ ಕಾಂತಿಮಾನ, ಅಂದರೆ ನಕ್ಷತ್ರದ ಸ್ವಂತ ಪ್ರಕಾಶ, ಗೊತ್ತಾಗುತ್ತದೆ. ಆರ್‌ಆರ್ ಲೈರೆ ನಕ್ಷತ್ರಗಳ ನೈಜ ಕಾಂತಿಮಾನ ಸುಮಾರು 0.6. ನಿಮ್ಮ ನಕ್ಷತ್ರ ಅದಕ್ಕಿಂತ ನಾಲ್ಕು ಕಾಂತಿಮಾನ ಮಂಕಾಗಿದ್ದು, ದೂರದ ಅಳತೆಯೂ ನಂಬಲರ್ಹವಾಗಿದ್ದರೆ, ಆರ್‌ಆರ್ ಲೈರೆ ಎಂಬ ಊಹೆ ಅಲ್ಲಿಗೇ ಬಿದ್ದುಹೋಯಿತು. ರೋಹಿತ ಬೇಕಾಗಿಯೇ ಇಲ್ಲ. ಬೇಡದ ಕಡೆ ರಾತ್ರಿಯನ್ನು ವ್ಯಯಿಸದಿರುವುದೂ ಈ ವಿದ್ಯೆಯ ಭಾಗವೇ.

ಹಂತ 2: ನೀವು ನೋಡುತ್ತಿರುವುದು ಅದೇ ನಕ್ಷತ್ರವೆ?

ಈ ಹಂತವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ಆಸಾಸ್-ಎಸ್‌ಎನ್ ಸಮೀಕ್ಷೆಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ ಆಕಾಶದ 8 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಪಾಲು), ಟೆಸ್ ಉಪಗ್ರಹದಲ್ಲಿ 21 ಆರ್ಕ್‌ಸೆಕೆಂಡ್. ಅಷ್ಟು ಜಾಗದಲ್ಲಿ, ಅದರಲ್ಲೂ ಆಕಾಶಗಂಗೆಯ ದಟ್ಟ ಪಟ್ಟಿಯಲ್ಲಿ, ನಾಲ್ಕೈದು ನಕ್ಷತ್ರಗಳು ಕೂಡಿಕೊಂಡಿರುವುದು ಮಾಮೂಲು. ಸಮೀಕ್ಷೆ ಪ್ರಕಾಶಮಾನವಾದ ನಕ್ಷತ್ರದ ಹೆಸರನ್ನು ಬರೆದಿರುತ್ತದೆ, ನಿಜವಾಗಿ ಮಿಡಿಯುತ್ತಿರುವುದು ಪಕ್ಕದ ಮಂಕು ನಕ್ಷತ್ರವಾಗಿರುತ್ತದೆ. ತಪ್ಪು ನಕ್ಷತ್ರದ ರೋಹಿತ ತೆಗೆದರೆ ಅದು ಯಾವ ಬಗೆಗೂ ಹೊಂದುವುದಿಲ್ಲ, ಅಥವಾ ಇನ್ನೂ ಕೆಟ್ಟದಾಗಿ, ತಪ್ಪು ಬಗೆಗೆ ಚೆನ್ನಾಗಿ ಹೊಂದಿಬಿಡುತ್ತದೆ.

ಗಾಯಾ ಪಟ್ಟಿಯಿಂದ 30 ಆರ್ಕ್‌ಸೆಕೆಂಡ್ ತ್ರಿಜ್ಯದೊಳಗಿರುವ ಎಲ್ಲ ನಕ್ಷತ್ರಗಳನ್ನೂ ತೆಗೆದು ನೋಡಿ. ಸಂದೇಹವಿದ್ದರೆ ನಿಮ್ಮದೇ ದೂರದರ್ಶಕದಿಂದ ಅತಿ ಬೆಳಗಿದ ಮತ್ತು ಅತಿ ಮಂಕಾದ ಸಮಯಗಳ ಎರಡು ಚಿತ್ರ ತೆಗೆದು ತಾಳೆ ಹಾಕಿ. ಯಾವ ಚುಕ್ಕೆ ಬದಲಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹಂತ 3: ಪ್ರಶ್ನೆಗೆ ತಕ್ಕ ಸಲಕರಣೆ

ರೋಹಿತಮಾಪಕದ ಪೃಥಕ್ಕರಣ ಸಾಮರ್ಥ್ಯ ಎಂದರೆ ತರಂಗಾಂತರವನ್ನು, ಅದು ಬೇರ್ಪಡಿಸಿ ತೋರಿಸಬಲ್ಲ ಅತಿ ಕಿರಿಯ ಅಂತರದಿಂದ ಭಾಗಿಸಿದಾಗ ಬರುವ ಸಂಖ್ಯೆ. ಬೆಳಕಿನ ವೇಗವನ್ನು ಆ ಸಂಖ್ಯೆಯಿಂದ ಭಾಗಿಸಿದರೆ, ಎಷ್ಟು ವೇಗದ ಚಲನೆಯನ್ನು ಅದು ಬಿಡಿಸಿ ತೋರಬಲ್ಲದು ಎಂಬುದು ಸಿಗುತ್ತದೆ. ಸಾಮರ್ಥ್ಯ 100 ಇದ್ದರೆ ಸೆಕೆಂಡಿಗೆ 3000 ಕಿಲೋಮೀಟರ್, 600 ಇದ್ದರೆ 500, 15000 ಇದ್ದರೆ 20.

ದೂರದರ್ಶಕದ ಕಣ್ಣುಮಸೂರದ ಜಾಗದಲ್ಲಿ ಫಿಲ್ಟರ್‌ನಂತೆ ತಿರುಚಿ ಕೂರಿಸುವ ಸ್ಟಾರ್ ಅನಲೈಸರ್ 100 ಎಂಬ, ಗೆರೆಗಳಿಂದ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್‌ನಲ್ಲಿ ಮಿಲಿಮೀಟರಿಗೆ 100 ಗೆರೆಗಳಿವೆ. ಅದರ ಸಾಮರ್ಥ್ಯವೂ ನೂರರ ಆಸುಪಾಸು. ಇದನ್ನು ಆಟಿಕೆಯೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೆಂಪು ದೈತ್ಯದ ಟೈಟೇನಿಯಂ ಆಕ್ಸೈಡ್ ಪಟ್ಟೆಗಳು, ಇಂಗಾಲ ನಕ್ಷತ್ರದ ಪಟ್ಟೆಗಳು, ನೋವಾದ ಅಗಲವಾದ ಹೈಡ್ರೋಜನ್ ರೇಖೆಗಳು, ಇಷ್ಟನ್ನು ಅದು ನಿಸ್ಸಂದೇಹವಾಗಿ ತೋರಿಸುತ್ತದೆ. ಆದರೆ ಅದರ ಮಿತಿಯನ್ನು ಒಂದು ಉದಾಹರಣೆಯಿಂದ ಮನದಟ್ಟು ಮಾಡಿಕೊಳ್ಳಿ. 1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ ಗುಂಟೂರಿನಿಂದ ನೋಡಿದ ಫ್ರೆಂಚ್ ಖಗೋಳಜ್ಞ ಜಾನ್ಸೆನ್ ಮುಂತಾದವರ ಕಣ್ಣಿಗೆ ಬಿದ್ದ ಹಳದಿ ರೇಖೆ ಸೋಡಿಯಂನದಲ್ಲ, ಹೊಸ ಧಾತುವಿನದು ಎಂಬುದು ಮುಂದೆ ಗೊತ್ತಾಯಿತು. ಅದೇ ಹೀಲಿಯಂ. ಅದರ ರೇಖೆ 5876 ಆಂಗ್‌ಸ್ಟ್ರಾಂನಲ್ಲಿದೆ (ತರಂಗಾಂತರದ ಏಕಮಾನ, ಮುಂದೆ ಬರುವ ರೇಖೆಗಳ ಸಂಖ್ಯೆಗಳೂ ಇದರಲ್ಲೇ), ಸೋಡಿಯಂ ಜೋಡಿರೇಖೆ 5890 ಮತ್ತು 5896ರಲ್ಲಿ. ಅಂತರ ಕೇವಲ ಹದಿನಾಲ್ಕು ಆಂಗ್‌ಸ್ಟ್ರಾಂ. ಸಾಮರ್ಥ್ಯ ನೂರಿದ್ದರೆ ಈ ಭಾಗದಲ್ಲಿ ಬಿಡಿಸಿ ತೋರುವ ಅಂತರ ಸುಮಾರು 59 ಆಂಗ್‌ಸ್ಟ್ರಾಂ. ಎರಡೂ ಒಂದೇ ಉಬ್ಬಾಗಿ ಬೆರೆತುಹೋಗುತ್ತವೆ. ನಿಮ್ಮ ಪ್ರಶ್ನೆ ಹೀಲಿಯಂ ಇದೆಯೋ ಇಲ್ಲವೋ ಎಂಬುದಾದರೆ ಸೀಳುಗಂಡಿ ಇರುವ ರೋಹಿತಮಾಪಕ ಬೇಕು. ಆಲ್ಪಿ 600ರ ಸಾಮರ್ಥ್ಯ ಸುಮಾರು 600, ಲೀಸಾದ್ದು ಸುಮಾರು 1000. ರೇಖೆಯ ಆಕಾರವನ್ನೋ ಅದು ಸರಿದ ವೇಗವನ್ನೋ ಅಳೆಯಬೇಕಾದರೆ ಎಲ್‌ಹೈರೆಸ್‌ನಂಥ ಹತ್ತು ಸಾವಿರ ದಾಟಿದ ಉಪಕರಣವೇ ಬೇಕು.

ಉಪಕರಣವೇ ಇಲ್ಲದವರಿಗೂ ದಾರಿಯಿದೆ. ಗಾಯಾದ ಮೂರನೆಯ ಸಂಗ್ರಹದಲ್ಲಿ ಸುಮಾರು 22 ಕೋಟಿ ಕಾಯಗಳ ಕಡಿಮೆ ಸಾಮರ್ಥ್ಯದ ರೋಹಿತಗಳು ಮುಕ್ತವಾಗಿ ಸಿಗುತ್ತವೆ. ಚೀನಾದ ಲ್ಯಾಮೋಸ್ಟ್ ದೂರದರ್ಶಕ 1800ರ ಸಾಮರ್ಥ್ಯದಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳ ರೋಹಿತ ತೆಗೆದಿದೆ. ಮನೆಯಲ್ಲಿ ಕುಳಿತೇ ನೂರಾರು ಸಂದೇಹಾಸ್ಪದ ವರ್ಗೀಕರಣಗಳನ್ನು ಪರಿಶೀಲಿಸಬಹುದು. ಗಾಯಾದ್ದು ಹಲವು ತಿಂಗಳುಗಳ ಸರಾಸರಿ ಎಂಬುದನ್ನು ಮಾತ್ರ ಮರೆಯಬೇಡಿ. ಬದಲಾಗುವ ನಕ್ಷತ್ರದ ಸರಾಸರಿ ರೋಹಿತ ಯಾವ ಒಂದು ಕ್ಷಣದ್ದೂ ಅಲ್ಲ.

ಹಂತ 4: ಯಾವ ರಾತ್ರಿ, ಎಷ್ಟು ಹೊತ್ತಿಗೆ

ಚರಕಾಂತಿ ನಕ್ಷತ್ರದ ರೋಹಿತವೂ ಬದಲಾಗುತ್ತದೆ. ಡೆಲ್ಟಾ ಸೆಫೈ 5.37 ದಿನಗಳ ಒಂದು ಆವರ್ತನದಲ್ಲಿ ಎಫ್ ವರ್ಗದ ನಡುವಿನಿಂದ ಜಿ ವರ್ಗದ ಆರಂಭದವರೆಗೆ ಹೋಗಿ ಬರುತ್ತದೆ (ಬಿಸಿಯಿಂದ ತಂಪಿನ ಕಡೆಗೆ ವರ್ಗಗಳು: ಒ, ಬಿ, ಎ, ಎಫ್, ಜಿ, ಕೆ, ಎಂ). ದೀರ್ಘಾವಧಿಯಲ್ಲಿ ಉಬ್ಬಿ ಕುಗ್ಗುವ ಕೆಂಪು ದೈತ್ಯಗಳಾದ ಮೀರಾ ಬಗೆಯ ನಕ್ಷತ್ರಗಳಲ್ಲಿ ಹೈಡ್ರೋಜನ್ನಿನ ಉತ್ಸರ್ಜನ (ಬೆಳಗುವ) ರೇಖೆಗಳು ಗರಿಷ್ಠ ಕಾಂತಿಯ ಸುತ್ತಮುತ್ತ ಪ್ರಬಲವಾಗಿದ್ದು, ಕನಿಷ್ಠದ ಹೊತ್ತಿಗೆ ಕುಂದುತ್ತವೆ. ಕನಿಷ್ಠದಲ್ಲಿ ರೋಹಿತ ತೆಗೆದು ‘ಉತ್ಸರ್ಜನ ಇಲ್ಲ, ಆದ್ದರಿಂದ ಮೀರಾ ಅಲ್ಲ’ ಎಂದರೆ ಆ ತೀರ್ಮಾನಕ್ಕೆ ಬೆಲೆಯಿಲ್ಲ.

ಹೀಗಾಗಿ ಕಾಂತಿನಕ್ಷೆಯಿಂದ ಮುಂದಿನ ಗರಿಷ್ಠ ಅಥವಾ ಕನಿಷ್ಠ ಯಾವಾಗ ಎಂದು ಲೆಕ್ಕಹಾಕಿ ದಿನ ಗೊತ್ತುಮಾಡಿಕೊಳ್ಳಿ. ಉಬ್ಬಿ ಕುಗ್ಗುವ ನಕ್ಷತ್ರವಾದರೆ ಅದರ ಆವರ್ತನದ ಎರಡಾದರೂ ಬೇರೆ ಬೇರೆ ಹಂತಗಳಲ್ಲಿ, ಜೋಡಿಯಾದರೆ ಎರಡು ಗ್ರಹಣಗಳ ನಡುವಿನ ಹೊತ್ತಿನಲ್ಲಿ ತೆಗೆಯುವುದು ಒಳ್ಳೆಯದು. ಜೋಡಿಗಳು ಪಕ್ಕಪಕ್ಕದಲ್ಲಿದ್ದಾಗಲೇ ಅವುಗಳ ವೇಗಗಳ ವ್ಯತ್ಯಾಸ ಅತಿ ಹೆಚ್ಚು.

ಸಮಯವನ್ನು ಸಾರ್ವತ್ರಿಕ ಕಾಲಮಾನದಲ್ಲಿ, ಎಕ್ಸ್‌ಪೋಷರ್‌ನ ನಡುವಿನ ಕ್ಷಣಕ್ಕೆ ಸರಿಯಾಗಿ ಬರೆಯಿರಿ. ನಮ್ಮ ಕಾಲಮಾನ ಐದೂವರೆ ಗಂಟೆ ಮುಂದಿರುವುದರಿಂದ, 15ನೆಯ ತಾರೀಕಿನ ನಸುಕಿನ ಎರಡು ಗಂಟೆ ಎಂದರೆ ಅಲ್ಲಿ 14ರ ರಾತ್ರಿ ಎಂಟೂವರೆ. ತಾರೀಕು ಒಂದು ದಿನ ಜಾರಿದರೆ ಏಳೂವರೆ ಗಂಟೆಯ ನಕ್ಷತ್ರದ ಹಂತವೆಲ್ಲ ತಲೆಕೆಳಗಾಗುತ್ತದೆ. ಹಂತ ಗೊತ್ತಿಲ್ಲದ ರೋಹಿತ ವರ್ಗೀಕರಣಕ್ಕೆ ಅರ್ಧ ಸಾಕ್ಷ್ಯ ಮಾತ್ರ.

ಹಂತ 5: ರೋಹಿತ ತೆಗೆಯುವುದು

ಕರ್ನಾಟಕದ ಬಯಲುಸೀಮೆಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗಿನ ರಾತ್ರಿಗಳು ಈ ಕೆಲಸಕ್ಕೆ ಒಳ್ಳೆಯವು. ನಕ್ಷತ್ರ ಸಾಧ್ಯವಾದಷ್ಟು ಎತ್ತರಕ್ಕೆ ಬಂದಾಗ ತೆಗೆಯಿರಿ. ದಿಗಂತದ ಹತ್ತಿರ ವಾತಾವರಣ ನೀಲಿಯನ್ನೂ ಕೆಂಪನ್ನೂ ಬೇರೆ ಬೇರೆ ಎತ್ತರಕ್ಕೆ ಬಾಗಿಸುವುದರಿಂದ, ಸೀಳುಗಂಡಿಯೊಳಗೆ ಒಂದು ಬಣ್ಣ ಬಂದರೆ ಇನ್ನೊಂದು ಹೊರಗುಳಿಯುತ್ತದೆ.

ಗ್ರೇಟಿಂಗ್ ಮಾತ್ರ ಬಳಸುವವರು ಫೋಕಸ್ ಮಾಡಬೇಕಾದದ್ದು ನಕ್ಷತ್ರದ ಚುಕ್ಕೆಯನ್ನಲ್ಲ, ರೋಹಿತವನ್ನು. ಎರಡೂ ಒಂದೇ ಸ್ಥಾನದಲ್ಲಿ ಚೂಪಾಗುವುದಿಲ್ಲ. ನೆರೆಯ ನಕ್ಷತ್ರದ ರೋಹಿತ ನಿಮ್ಮದರ ಮೇಲೆ ಬೀಳದಂತೆ ಗ್ರೇಟಿಂಗನ್ನು ತಿರುಗಿಸಿಕೊಳ್ಳಿ. ಒಂದೇ ದೀರ್ಘ ಎಕ್ಸ್‌ಪೋಷರ್‌ಗಿಂತ ಹಲವು ಚಿಕ್ಕವು ಲೇಸು, ಮೋಡವೋ ವಿಮಾನವೋ ಕೆಡಿಸಿದ್ದನ್ನು ಮಾತ್ರ ಬಿಡಬಹುದು. ಕ್ಯಾಮೆರಾ ತುಂಬಿ ತುಳುಕದಂತೆ ನೋಡಿಕೊಳ್ಳಿ. ಪ್ರಬಲ ಉತ್ಸರ್ಜನ ರೇಖೆಯ ತುದಿ ಚಪ್ಪಟೆಯಾದರೆ ಅದರ ಅಳತೆಗೆ ಅರ್ಥವಿಲ್ಲ.

ಜೊತೆಗೆ ಬೇಕಾದವು ಡಾರ್ಕ್ (ಬೆಳಕು ಬೀಳದಂತೆ ಮುಚ್ಚಿ ತೆಗೆದ) ಮತ್ತು ಫ್ಲಾಟ್ (ಸಮನಾದ ಬೆಳಕಿನಲ್ಲಿ ತೆಗೆದ) ಚಿತ್ರಗಳು, ನಕ್ಷತ್ರದ ಮೊದಲೂ ಆಮೇಲೂ ತೆಗೆದ ನಿಯಾನ್-ಆರ್ಗಾನ್ ದೀಪದ ರೋಹಿತ, ಮತ್ತು ಅದೇ ಎತ್ತರದಲ್ಲಿರುವ ಎ ಅಥವಾ ಬಿ ವರ್ಗದ ಒಂದು ಸ್ಥಿರ ನಕ್ಷತ್ರದ ರೋಹಿತ. ಕಾಲಕ್ಕೆ ತಕ್ಕಂತೆ ಅಭಿಜಿತ್, ಮಖಾ ಅಥವಾ ಲುಬ್ಧಕ ಗ್ರೇಟಿಂಗ್‌ನವರಿಗೆ ಒದಗುತ್ತವೆ.

ಹಂತ 6: ಚಿತ್ರದಿಂದ ರೋಹಿತದ ನಕ್ಷೆಗೆ

ಆರ್‌ಸ್ಪೆಕ್, ಬಾಸ್ ಪ್ರಾಜೆಕ್ಟ್, ಐಸಿಸ್, ಡೆಮೆಟ್ರಾ, ಯಾವ ತಂತ್ರಾಂಶವಾದರೂ ಕ್ರಮ ಒಂದೇ: ಡಾರ್ಕ್ ಕಳೆಯುವುದು, ಫ್ಲಾಟ್‌ನಿಂದ ಭಾಗಿಸುವುದು, ಓರೆ ಸರಿಪಡಿಸುವುದು, ಆಕಾಶದ ಬೆಳಕನ್ನು ಕಳೆಯುವುದು, ಪಿಕ್ಸೆಲ್‌ಗಳನ್ನು ತರಂಗಾಂತರಕ್ಕೆ ಬದಲಿಸುವುದು, ಉಪಕರಣದ ಸ್ವಂತ ಪಕ್ಷಪಾತವನ್ನು ತೆಗೆಯುವುದು. ಕೊನೆಯದಕ್ಕೆ, ಸ್ಥಿರ ನಕ್ಷತ್ರದ ನಿಮ್ಮ ರೋಹಿತವನ್ನು ಪಿಕಲ್ಸ್ ಎಂಬ ಮಾದರಿ ರೋಹಿತಗಳ ಸಂಗ್ರಹದಲ್ಲಿರುವ ಅದೇ ವರ್ಗದ ರೋಹಿತದಿಂದ ಭಾಗಿಸಿ, ಬಂದ ಗೆರೆಯನ್ನು ನಯಗೊಳಿಸಿ, ಅದರಿಂದ ಗುರಿ ನಕ್ಷತ್ರದ ರೋಹಿತವನ್ನು ಭಾಗಿಸಬೇಕು.

ತರಂಗಾಂತರ ಸರಿಯಾಗಿದೆಯೆ ಎಂದು ತಿಳಿಯಲು ನಮ್ಮ ವಾತಾವರಣವೇ ಒಂದು ಅಳತೆಪಟ್ಟಿ ಕೊಟ್ಟಿದೆ. ಗಾಳಿಯ ಆಮ್ಲಜನಕ 6870ರ ಬಳಿ ಮತ್ತು 7600ರ ಬಳಿ ಪ್ರತಿ ನಕ್ಷತ್ರದ ರೋಹಿತದಲ್ಲೂ ಹೀರಿಕೆಯ (ಕಪ್ಪು) ಗುರುತು ಬಿಡುತ್ತದೆ. ಅವು ಜಾಗದಲ್ಲಿ ಇಲ್ಲದಿದ್ದರೆ ನಿಮ್ಮ ಅಳತೆ ಜಾರಿದೆ. ಅವನ್ನೇ ನಕ್ಷತ್ರದ ರೇಖೆಗಳೆಂದು ಓದುವುದು ಇನ್ನೊಂದು ಸಾಮಾನ್ಯ ತಪ್ಪು.

ಸುಳ್ಳು ಉತ್ಸರ್ಜನ ರೇಖೆಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಊರಿನ ಪಾದರಸ ದೀಪಗಳು 4358 ಮತ್ತು 5461ರಲ್ಲಿ, ಸೋಡಿಯಂ ದೀಪಗಳು 5890ರ ಬಳಿ ಬೆಳಗುತ್ತವೆ. ಕತ್ತಲೆಯ ಊರಿನಲ್ಲೂ ರಾತ್ರಿಯ ಆಕಾಶ ತಾನೇ 5577 ಮತ್ತು 6300ರಲ್ಲಿ ಆಮ್ಲಜನಕದ ರೇಖೆಗಳನ್ನು ಹೊಮ್ಮಿಸುತ್ತದೆ. ಎಳೆಯ ನಕ್ಷತ್ರಗಳ ಗುರುತುಗಳಲ್ಲೊಂದು ಇದೇ 6300ರ ರೇಖೆ! ಆಕಾಶವನ್ನು ಸರಿಯಾಗಿ ಕಳೆಯದಿದ್ದರೆ ಮಾಮೂಲಿ ನಕ್ಷತ್ರವೊಂದು ಹುಟ್ಟುತ್ತಿರುವ ನಕ್ಷತ್ರವಾಗಿಬಿಡುತ್ತದೆ. ಕಳೆಯುವ ಮೊದಲಿನ ಆಕಾಶದ ರೋಹಿತವನ್ನು ಪ್ರತ್ಯೇಕವಾಗಿ ಉಳಿಸಿಕೊಂಡು, ಸಂಶಯ ಬಂದ ಪ್ರತಿ ರೇಖೆಯನ್ನೂ ಅದರೊಂದಿಗೆ ಹೋಲಿಸಿ.

ಹಂತ 7: ಓದುವುದು

ನಿರಂತರ ರೋಹಿತದ ಓರೆಯನ್ನು ನೋಡಿ ಉಷ್ಣತೆಯನ್ನು ಹೇಳಲು ಹೋಗಬೇಡಿ. ನಡುವೆ ಇರುವ ಅಂತರತಾರಾ ಧೂಳು ಬಿಸಿ ನಕ್ಷತ್ರವನ್ನೂ ಕೆಂಪಾಗಿ ತೋರಿಸುತ್ತದೆ. ರೇಖೆಗಳನ್ನು ನಂಬಿ. ಹೈಡ್ರೋಜನ್ನಿನ 6563, 4861, 4340, 4102ರ ಹೀರಿಕೆ ಎ ವರ್ಗದಲ್ಲಿ ಪರಾಕಾಷ್ಠೆಗೆ ಮುಟ್ಟುತ್ತದೆ. ತಂಪಾದಂತೆ ಅವು ಕುಗ್ಗಿ, ಕ್ಯಾಲ್ಸಿಯಂನ 3934 ಮತ್ತು 3968 ಬೆಳೆಯುತ್ತವೆ. ಜಿ ವರ್ಗದಲ್ಲಿ 4300ರ ಪಟ್ಟೆ, ಕೆ ವರ್ಗದಲ್ಲಿ 5170ರ ಸುತ್ತಲಿನ ಮೆಗ್ನೀಸಿಯಂ, ಎಂ ವರ್ಗದಲ್ಲಿ ಟೈಟೇನಿಯಂ ಆಕ್ಸೈಡ್‌ನ ಗರಗಸದಂಥ ಪಟ್ಟೆಗಳು ಎದ್ದು ಕಾಣುತ್ತವೆ. ಇಷ್ಟು ಅಡಿಪಾಯ ಸಾಕು. ಇನ್ನು ಒಂದೊಂದು ಸಂದೇಹವನ್ನು ಬಿಡಿಸೋಣ.

*ಇದ್ದಕ್ಕಿದ್ದಂತೆ ಬೆಳಗಿದ ನಕ್ಷತ್ರ.* ಇಲ್ಲಿ ರೋಹಿತದಷ್ಟು ಬೇಗ ತೀರ್ಪು ಕೊಡುವ ಸಾಧನ ಬೇರಿಲ್ಲ. 1866ರ ಮೇ ತಿಂಗಳಲ್ಲಿ ಉತ್ತರ ಕಿರೀಟ ಪುಂಜದ ಟಿ ನಕ್ಷತ್ರ ಬರಿಗಣ್ಣಿಗೆ ಕಾಣುವಷ್ಟು ಬೆಳಗಿದಾಗ ವಿಲಿಯಂ ಹಗ್ಗಿನ್ಸ್ ಅದರತ್ತ ರೋಹಿತದರ್ಶಕವನ್ನು ತಿರುಗಿಸಿ ಹೈಡ್ರೋಜನ್ನಿನ ಉಜ್ಜ್ವಲ ರೇಖೆಗಳನ್ನು ಕಂಡರು. ನೋವಾ ಒಂದರ ರೋಹಿತವನ್ನು ಮನುಷ್ಯರು ನೋಡಿದ್ದು ಅದೇ ಮೊದಲು. ನೋವಾ ಎಂದರೆ ಶ್ವೇತ ಕುಬ್ಜದ, ಅಂದರೆ ಸತ್ತ ನಕ್ಷತ್ರದ ದಟ್ಟ ತಿರುಳಿನ, ಮೇಲ್ಮೈಯಲ್ಲಿ ಆಗುವ ಸ್ಫೋಟ. ಅದರಲ್ಲಿ ಅನಿಲದ ಚಿಪ್ಪು ನಮ್ಮತ್ತ ಹಾರಿಬರುವುದರಿಂದ ಉತ್ಸರ್ಜನ ರೇಖೆಯ ನೀಲಿ ಬದಿಯಲ್ಲಿ ಒಂದು ಹೀರಿಕೆಯ ಗುಂಡಿ ಇರುತ್ತದೆ. ಆ ಗುಂಡಿಯ ತಳ 6540ರಲ್ಲಿದ್ದರೆ ಸರಿದದ್ದು 22.8 ಆಂಗ್‌ಸ್ಟ್ರಾಂ. ಅದನ್ನು 6562.8ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 1040 ಕಿಲೋಮೀಟರ್. ಇದರ ಜೊತೆ 4924, 5018, 5169ರಲ್ಲಿ ಕಬ್ಬಿಣದ ರೇಖೆಗಳೂ ಇದ್ದರೆ ಕಬ್ಬಿಣ ಪ್ರಧಾನವಾದ ನೋವಾ. ಬದಲಾಗಿ ಇನ್ನೂ ಅಗಲವಾದ ಹೀಲಿಯಂ, ಸಾರಜನಕ ರೇಖೆಗಳಿದ್ದರೆ ಇನ್ನೊಂದು ಉಪಬಗೆ.

ಕುಬ್ಜ ನೋವಾದ ಕಥೆ ಬೇರೆ. ಅಲ್ಲಿ ಸ್ಫೋಟವಿಲ್ಲ, ಶ್ವೇತ ಕುಬ್ಜದ ಸುತ್ತಲಿನ ಅನಿಲದ ತಟ್ಟೆ ಬಿಸಿಯಾಗಿ ಬೆಳಗುತ್ತದೆ. ಬೆಳಗಿದಾಗ ತಟ್ಟೆ ದಟ್ಟವಾಗಿರುವುದರಿಂದ ನೀಲಿ ರೋಹಿತದ ಮೇಲೆ ಹೈಡ್ರೋಜನ್ನಿನ ಅಗಲವಾದ, ಆಳವಿಲ್ಲದ ಹೀರಿಕೆ ಕಾಣುತ್ತದೆ. ಅದರ ನಡುವೆ ಚಿಕ್ಕ ಉತ್ಸರ್ಜನದ ಮೊಳಕೆ ಇರಬಹುದು. ಮತ್ತೆ ಮಂಕಾದಾಗ ಅದೇ ನಕ್ಷತ್ರ ಅಗಲವಾದ, ಪ್ರಬಲ ಉತ್ಸರ್ಜನ ರೇಖೆಗಳನ್ನು ತೋರಿಸುತ್ತದೆ. ಒಂದೇ ನಕ್ಷತ್ರದ ಎರಡು ರೋಹಿತಗಳು ಒಂದಕ್ಕೊಂದು ವಿರುದ್ಧ. ಆ ಬದಲಾವಣೆಯೇ ಕುಬ್ಜ ನೋವಾದ ಅತ್ಯಂತ ಗಟ್ಟಿಯಾದ ಸಾಕ್ಷ್ಯ. ರಾಜಹಂಸ ಪುಂಜದ ಎಸ್‌ಎಸ್ ನಕ್ಷತ್ರ 12ನೆಯ ಕಾಂತಿಮಾನದಿಂದ 8ಕ್ಕೆ ಕೆಲವು ವಾರಗಳಿಗೊಮ್ಮೆ ಏರುತ್ತದೆ. ಇದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಮಂಕಾದ ಸ್ಥಿತಿಯಲ್ಲಿ 4686ರ ಅಯಾನೀಕೃತ ಹೀಲಿಯಂ ರೇಖೆ 4861ರ ಹೈಡ್ರೋಜನ್ನನ್ನು ಸರಿಗಟ್ಟುವಷ್ಟಿದ್ದರೆ, ಶ್ವೇತ ಕುಬ್ಜಕ್ಕೆ ಪ್ರಬಲ ಕಾಂತಕ್ಷೇತ್ರ ಇದೆಯೇ ಎಂದು ಅನುಮಾನಿಸಿ.

ಕೆಲವೇ ಗಂಟೆ ಬೆಳಗಿ ಆರಿಹೋದದ್ದಾದರೆ ಧಗಧಗಿಸುವ ಕೆಂಪು ಕುಬ್ಜ ಇರಬಹುದು. ನೀವು ತಲುಪುವಷ್ಟರಲ್ಲಿ ಬೆಳಕು ಇಳಿದಿದ್ದರೂ ಟೈಟೇನಿಯಂ ಆಕ್ಸೈಡ್ ಪಟ್ಟೆಗಳ ನಡುವೆ 6563ರ ಕಿರಿದಾದ ಉತ್ಸರ್ಜನ ಉಳಿದಿರುತ್ತದೆ. ಇನ್ನು ಏನೂ ವಿಶೇಷವಿಲ್ಲದ ರೋಹಿತವೂ ಉತ್ತರವೇ. 2006ರ ಅಕ್ಟೋಬರ್ ಕೊನೆಯಲ್ಲಿ ಜಪಾನಿನ ಅಕಿಹಿಕೊ ತಾಗೊ ಕುಂತೀ ಪುಂಜದಲ್ಲಿ ಬೆಳಗಿದ ನಕ್ಷತ್ರವೊಂದನ್ನು ಕಂಡರು. ರೋಹಿತ ಮಾತ್ರ ಸಾಧಾರಣ ಎ ವರ್ಗದ್ದು, ಬದಲಾವಣೆಯೇ ಇಲ್ಲ. ನಡುವೆ ಹಾದುಹೋದ ಇನ್ನೊಂದು ಕಾಯದ ಗುರುತ್ವ ಅದರ ಬೆಳಕನ್ನು ನಮ್ಮತ್ತ ಬಾಗಿಸಿತ್ತು. ನಕ್ಷತ್ರ ಚರಕಾಂತಿಯೇ ಆಗಿರಲಿಲ್ಲ.

*ದೀರ್ಘಾವಧಿಯ ಕೆಂಪು ನಕ್ಷತ್ರ.* 1867ರಲ್ಲಿ ಮದರಾಸು ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಅವರು ದಕ್ಷಿಣಾಕಾಶದ ರೆಟಿಕ್ಯುಲಂ ಪುಂಜದ ಆರ್ ನಕ್ಷತ್ರ ಬದಲಾಗುತ್ತದೆಂದು ಗುರುತಿಸಿದರು. ಅದು ಮೀರಾ ಬಗೆಯದು. ಇಂಥ ನಕ್ಷತ್ರಗಳಲ್ಲಿ ಟೈಟೇನಿಯಂ ಆಕ್ಸೈಡ್ ಪಟ್ಟೆಗಳ ಮೇಲೆ ಹೈಡ್ರೋಜನ್ ಉತ್ಸರ್ಜನ ಕಾಣುತ್ತದೆ. ಆದರೆ ಕೆಂಪು ದೈತ್ಯವೂ ಬಿಸಿಯಾದ ಜೊತೆಗಾರನೂ ಕೂಡಿರುವ ಸಹಜೀವಿ ಜೋಡಿಯಲ್ಲೂ ಇವೆರಡೂ ಇರುತ್ತವೆ. ಬೇರ್ಪಡಿಸುವುದು ಹೇಗೆ?

ಮೀರಾದಲ್ಲಿ ಉತ್ಸರ್ಜನ ಹುಟ್ಟುವುದು ವಾತಾವರಣದ ಆಳದಲ್ಲಿ ಮೇಲೇಳುವ ಆಘಾತ ಅಲೆಗಳಿಂದ. ಅದರ ಮೇಲಿರುವ ಟೈಟೇನಿಯಂ ಆಕ್ಸೈಡ್ ಕೆಂಪು ಬದಿಯ ಹೈಡ್ರೋಜನ್ ರೇಖೆಗಳನ್ನು ನುಂಗಿಹಾಕುತ್ತದೆ. ಹಾಗಾಗಿ 4102ರ ರೇಖೆ 6563ಕ್ಕಿಂತ ಪ್ರಬಲವಾಗಿ ಕಾಣುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಸಹಜೀವಿ ಜೋಡಿಯಲ್ಲಿ ಬೆಳಗುವ ಅನಿಲ ದೈತ್ಯದ ಹೊರಗಿದೆ, ಆದ್ದರಿಂದ 6563 ರಾಜನಂತೆ ಎದ್ದು ನಿಲ್ಲುತ್ತದೆ. ಅದರ ಜೊತೆ 4686ರ ರೇಖೆ ಕಂಡರೆ ವಾದ ಮುಗಿಯಿತು. ಹೀಲಿಯಂನ ಎರಡೂ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುವ ಶಾಖ ಕೆಂಪು ದೈತ್ಯಕ್ಕೆ ಒಂಟಿಯಾಗಿ ಸಾಧ್ಯವಿಲ್ಲ. 6825ರ ಬಳಿ ಅಗಲವಾದ ಉಬ್ಬೊಂದು ಸಿಕ್ಕರೆ ಇನ್ನೂ ಖಚಿತ. ಆಮ್ಲಜನಕದ ಅತಿನೇರಳೆ ಬೆಳಕು ಹೈಡ್ರೋಜನ್ನಿಗೆ ತಾಗಿ ರಾಮನ್ ಚದುರಿಕೆಯಿಂದ ಕೆಂಪಿಗೆ ಬಂದದ್ದು ಅದು. ಬೆಂಗಳೂರಿನಲ್ಲಿ ಬದುಕಿದ್ದ ಸಿ. ವಿ. ರಾಮನ್ ಅವರ ಹೆಸರಿನ ಪರಿಣಾಮ ನಕ್ಷತ್ರಗಳ ಬಗೆ ಹೇಳುವುದಕ್ಕೂ ಒದಗುತ್ತದೆ ಎಂಬುದು ನನಗೆ ಪ್ರತಿ ಸಲವೂ ಪುಳಕ ತರುವ ಸಂಗತಿ.

*ಏಳೂವರೆ ಗಂಟೆಯ ಅಲೆ.* ರೋಹಿತ ಜಿ ಅಥವಾ ಕೆ ವರ್ಗದ್ದಾಗಿದ್ದರೆ ನಯವಾದ ಅಲೆಯ ಆರ್‌ಆರ್ ಲೈರೆಗಳಾದ ಸಿ ಉಪಬಗೆಯನ್ನು ಕೈಬಿಡಿ, ಅವು ಎ ಮತ್ತು ಎಫ್ ವರ್ಗಗಳ ಬಿಸಿ ನಕ್ಷತ್ರಗಳು. ಆದರೆ ಎಫ್ ಎಂದು ಬಂದರೆ ತೀರ್ಮಾನಕ್ಕೆ ಆತುರ ಬೇಡ. ಮೈ ತಗುಲಿಸಿಕೊಂಡ ಜೋಡಿಗಳಲ್ಲಿ ಅವಧಿ ಹೆಚ್ಚಿದಷ್ಟೂ ಉಷ್ಣತೆ ಹೆಚ್ಚು, ಹದಿನೈದು ಗಂಟೆಯ ಜೋಡಿಯೂ ಎಫ್ ಆಗಿರಬಹುದು. ಆಗ ರೇಖೆಗಳ ಅಗಲವೇ ತೀರ್ಪುಗಾರ. ಜೋಡಿಯ ನಕ್ಷತ್ರಗಳು ಸೆಕೆಂಡಿಗೆ ನೂರು ಕಿಲೋಮೀಟರಿಗೂ ಮಿಗಿಲಾಗಿ ಸುತ್ತುವುದರಿಂದ ರೇಖೆಗಳು ಅಗಲವಾಗಿ ಮಸುಕಾಗಿರುತ್ತವೆ. ಆರ್‌ಆರ್ ಲೈರೆಯಲ್ಲಿ ಅವು ಕಿರಿದು. ಇದಕ್ಕೆ ಸಾಮರ್ಥ್ಯ ಐದು ಸಾವಿರವಾದರೂ ಬೇಕು. ಅಷ್ಟಿಲ್ಲದಿದ್ದರೆ ಕ್ಯಾಲ್ಸಿಯಂನ 3934ರ ರೇಖೆಯನ್ನು ಹೈಡ್ರೋಜನ್ನಿನೊಂದಿಗೆ ಹೋಲಿಸಿ. ಆರ್‌ಆರ್ ಲೈರೆಗಳು ಬಹುಮಟ್ಟಿಗೆ ಲೋಹ ಕಡಿಮೆಯಿರುವ ಮುದಿ ನಕ್ಷತ್ರಗಳಾದ್ದರಿಂದ ಹೈಡ್ರೋಜನ್ ಹೇಳುವ ವರ್ಗಕ್ಕಿಂತ ಕ್ಯಾಲ್ಸಿಯಂ ಹೇಳುವ ವರ್ಗ ಮುಂಚಿನದಾಗಿರುತ್ತದೆ, ಅಂದರೆ ಬಿಸಿ ಬದಿಯದು. ಜಾರ್ಜ್ ಪ್ರೆಸ್ಟನ್ 1959ರಲ್ಲಿ ಈ ವ್ಯತ್ಯಾಸವನ್ನೇ ಒಂದು ಅಳತೆಗೋಲಾಗಿ ಮಾಡಿದರು.

*ತಟ್ಟನೆ ಮಂಕಾಗುವ ನಕ್ಷತ್ರ.* ಉತ್ತರ ಕಿರೀಟದ ಆರ್ ನಕ್ಷತ್ರ 2007ರಲ್ಲಿ ಮಂಕಾಗತೊಡಗಿ ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಅದೇ ಹೆಸರಿನ ಈ ಬಗೆಯ ನಕ್ಷತ್ರಗಳು ಇಂಗಾಲದ ಮಸಿ ಹೊದ್ದು ಮರೆಯಾಗುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು ದಶಕಗಳ ಕಾಲ ಇವನ್ನು ಅಧ್ಯಯನ ಮಾಡಿದ್ದಾರೆ. ಇಂಗಾಲದ 4737, 5165, 5636ರ ಪಟ್ಟೆಗಳು ಸಾಮಾನ್ಯ ಇಂಗಾಲ ನಕ್ಷತ್ರದಲ್ಲೂ ಇರುವುದರಿಂದ ಅವಷ್ಟೇ ಸಾಲವು. ನೋಡಬೇಕಾದದ್ದು ಇಲ್ಲದ್ದನ್ನು: ಹೈಡ್ರೋಜನ್ ರೇಖೆಗಳೂ 4300ರ ಪಟ್ಟೆಯೂ ತೀರ ಕ್ಷೀಣವಾಗಿರಬೇಕು. ಧೂಳಿನ ತಟ್ಟೆಯಿಂದ ಮಂಕಾಗುವ ಎಳೆಯ ನಕ್ಷತ್ರವಾದರೆ 6563ರಲ್ಲಿ ಉತ್ಸರ್ಜನ, 6708ರಲ್ಲಿ ಲಿಥಿಯಂ ಹೀರಿಕೆ ಇರುತ್ತದೆ. ಕಡಿಮೆ ತೂಕದ ನಕ್ಷತ್ರಗಳು ಬೆಳೆದಂತೆ ಲಿಥಿಯಂ ಸುಟ್ಟುಹೋಗುವುದರಿಂದ ಅದು ಎಳೆತನದ ಗುರುತು.

*ದೈತ್ಯವೋ ಕುಬ್ಜವೋ.* ಕಲೆಗಳುಳ್ಳ ತಂಪು ನಕ್ಷತ್ರ ತಿರುಗುವುದರಿಂದ ಆಗುವ ಬದಲಾವಣೆಯಲ್ಲಿ ಈ ಪ್ರಶ್ನೆ ಬರುತ್ತದೆ. ಕವಲೂರು ವೀಕ್ಷಣಾಲಯವನ್ನು ಕಟ್ಟಿದ ವೇಣು ಬಪ್ಪು ಅವರು ಓಲಿನ್ ವಿಲ್ಸನ್ ಜೊತೆ 1957ರಲ್ಲಿ ಪ್ರಕಟಿಸಿದ ಸಂಬಂಧ ಇಲ್ಲಿ ನೆರವಿಗೆ ಬರುತ್ತದೆ. ಕ್ಯಾಲ್ಸಿಯಂನ 3934ರ ಹೀರಿಕೆಯ ನಡುವೆ ಏಳುವ ಉತ್ಸರ್ಜನ ಎಷ್ಟು ಅಗಲವೋ ನಕ್ಷತ್ರ ಅಷ್ಟು ಹೆಚ್ಚು ಪ್ರಕಾಶಮಾನ. ಇದಕ್ಕೆ ಹೆಚ್ಚಿನ ಸಾಮರ್ಥ್ಯ ಬೇಕು, ಗಾಯಾದ ದೂರ ನಂಬಲರ್ಹವಾಗಿದ್ದರೆ ಅದೇ ಸುಲಭ.

ಹಂತ 8: ಗೊತ್ತಿರುವ ನಕ್ಷತ್ರಗಳೊಂದಿಗೆ ತಾಳೆ

ನಿಮ್ಮ ರೋಹಿತವನ್ನು ಬೇರೆಯವರ ರೋಹಿತದೊಂದಿಗೆ ಹೋಲಿಸುವುದಕ್ಕಿಂತ, ಅದೇ ಉಪಕರಣದಲ್ಲಿ ನೀವೇ ತೆಗೆದದ್ದರೊಂದಿಗೆ ಹೋಲಿಸುವುದು ಮೇಲು. ಕುಂತೀ ಪುಂಜದ ಗಾಮಾ ನಕ್ಷತ್ರ ಎರಡನೆಯ ಕಾಂತಿಮಾನದ ಆಸುಪಾಸಿನದು. ಅದರ ಹೈಡ್ರೋಜನ್ ಉತ್ಸರ್ಜನವನ್ನು ಆಂಜೆಲೊ ಸೆಕ್ಕಿ 1866ರಲ್ಲೇ ಕಂಡಿದ್ದರು. ನೀಲಿ ಬದಿಯ ಹೀರಿಕೆಯ ಗುಂಡಿಗೆ ಪಿ ಸಿಗ್ನಿ (ಸಿಗ್ನಿ ಎಂದರೆ ರಾಜಹಂಸ ಪುಂಜದ್ದು), ಟೈಟೇನಿಯಂ ಆಕ್ಸೈಡ್‌ಗೆ ಮೀರಾ, ಅದರ ಜಾಗದಲ್ಲಿ ಜಿರ್ಕೋನಿಯಂ ಆಕ್ಸೈಡ್ ಇರುವ ಬಗೆಗೆ ಕೈ ಸಿಗ್ನಿ, ಸಹಜೀವಿ ಜೋಡಿಗೆ ಸಿಎಚ್ ಸಿಗ್ನಿ. ಇವೆಲ್ಲ ನಮ್ಮ ಆಕಾಶದಲ್ಲಿ ಚೆನ್ನಾಗಿ ಕಾಣುತ್ತವೆ. ಸಂದೇಹದ ಎರಡೂ ಬಗೆಗಳ ಮಾದರಿಗಳನ್ನು ತೆಗೆದಿಟ್ಟುಕೊಳ್ಳಿ. ನೀವು ಬಯಸಿದ ಬಗೆಗೆ ಹೊಂದುತ್ತದೆ ಎಂದಷ್ಟೇ ಅಲ್ಲ, ಇನ್ನೊಂದಕ್ಕೆ ಹೊಂದುವುದಿಲ್ಲ ಎಂದೂ ತೋರಿಸಬೇಕು.

ಗುರಿ ತೀರ ಮಂಕಾಗಿದ್ದರೆ ಒತ್ತಾಯಿಸಬೇಡಿ. ಅಂಥವು ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ, ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಂಥವುಗಳ ಕೆಲಸ. ಗದ್ದಲದಲ್ಲಿ ಮುಳುಗಿದ ರೋಹಿತದಲ್ಲಿ ಬೇಕಾದ ರೇಖೆ ಕಂಡೇ ಕಾಣುತ್ತದೆ, ಅದೇ ಅಪಾಯ. ಸಂಕೇತ ಗದ್ದಲಕ್ಕಿಂತ ಮೂವತ್ತು ಪಟ್ಟಾದರೂ ಇಲ್ಲದೆ ಬಗೆಯ ಬಗ್ಗೆ ಮಾತಾಡಬಾರದು ಎಂಬುದು ನಾನು ಇಟ್ಟುಕೊಂಡಿರುವ ಮಿತಿ.

ಹಂತ 9: ವರದಿ

ವಿಎಸ್‌ಎಕ್ಸ್‌ನಲ್ಲಿ ಖಾತೆ ತೆರೆದವರು ಯಾವ ನಮೂದಿಗಾದರೂ ತಿದ್ದುಪಡಿ ಸೂಚಿಸಬಹುದು, ಪರಿಶೀಲಕರು ನೋಡಿ ಸ್ವೀಕರಿಸುತ್ತಾರೆ. ಅದೇ ಸಂಘದ ರೋಹಿತ ಸಂಗ್ರಹಕ್ಕೆ ಫಿಟ್ಸ್ ಕಡತವನ್ನು ಸೇರಿಸಬಹುದು. ಉತ್ಸರ್ಜನ ರೇಖೆಗಳ ಬಿ ನಕ್ಷತ್ರಗಳಿಗೆ ಫ್ರಾನ್ಸಿನ ಬೆಸ್ ಸಂಗ್ರಹ ಇದೆ. ಟಿಪ್ಪಣಿಯಲ್ಲಿ ಇವಿಷ್ಟು ಇರಲಿ: ಎಕ್ಸ್‌ಪೋಷರ್ ನಡುವಿನ ಜೂಲಿಯನ್ ದಿನಾಂಕ (ಖಗೋಳಜ್ಞರು ಬಳಸುವ ದಿನಗಳ ಸತತ ಎಣಿಕೆ), ಆ ಕ್ಷಣದ ಹಂತ ಮತ್ತು ಕಾಂತಿಮಾನ, ಉಪಕರಣ, ಪೃಥಕ್ಕರಣ ಸಾಮರ್ಥ್ಯ, ತೀರ್ಪಿಗೆ ಆಧಾರವಾದ ರೇಖೆಗಳ ತರಂಗಾಂತರ, ಮತ್ತು ಯಾವ ಬಗೆಯನ್ನು ಯಾಕೆ ಕೈಬಿಟ್ಟಿರಿ ಎಂಬ ಒಂದು ಸಾಲು. ಸಂಸ್ಕರಿಸುವ ಮೊದಲಿನ ಚಿತ್ರಗಳನ್ನು ಅಳಿಸಬೇಡಿ, ಪರಿಶೀಲಕರು ಕೇಳಬಹುದು. ರೋಹಿತ ಒಂದು ಬಗೆಯನ್ನು ತಳ್ಳಿಹಾಕಿ, ಉಳಿದ ಎರಡನ್ನು ಬೇರ್ಪಡಿಸಲು ಆಗದಿದ್ದರೆ, ನೆಟ್ಟಗಿನ ಗೆರೆಯ ಎರಡು ಬದಿಗೆ ಆ ಎರಡನ್ನೂ ಬರೆದೇ ಕಳುಹಿಸಿ. ಮುಂದಿನ ವೀಕ್ಷಕರು ಅಲ್ಲಿಂದಲೇ ಶುರುಮಾಡುತ್ತಾರೆ.